ನಾಲ್ಕು ತಾಲ್ಲೂಕು, ಒಂದೇ ಟೇಬಲ್ಲು

ಹಿತಕಿದ ಬೇಳೆ ಸಾರು ಮಾಡಿರುವ ದಿನ ನಾಲ್ಕು ತಾಲ್ಲೂಕಿನವರು ಒಟ್ಟಿಗೆ ಮುದ್ದೆ ಹೋಟ್ಲಿಗೆ ಹೋಗಬಾರದು. ಹೋದೆವು. ನಾನು ಕೋಲಾರದವನು. ಮಿಕ್ಕ ಮೂವರನ್ನು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತಲೇ ಕರೆಯೋದು ನಮ್ಮ ರೂಢಿ. ಜೊತೆಗೆ ಬೆಂಗಳೂರಿಂದ ಬಂದಿದ್ದ ನಮ್ಮಕ್ಕನ ಮಗ.

ಕೂತದ್ದೇ ತಡ, ಹುಡುಗ ಮೊಬೈಲಲ್ಲಿ ಒಂದು ತಟ್ಟೆ ತೋರಿಸಿದ. “ಕೊಲಂಬಿಯಾ ಊಟ ಮಾವ. ಬಂದೇಹಾ ಪೈಸಾ.”

“ಎಷ್ಟು ಪೈಸೆ?” ಅಂದರು ಮಾಲೂರು.

ಬಂದೇಹಾ ಅಂದರೆ ಹರಿವಾಣವಂತೆ, ಪೈಸಾ ಅಂದರೆ ಮೆಡೆಲಿನ್ ಸುತ್ತಲ ಬೆಟ್ಟಸೀಮೆಯ ಜನವಂತೆ. ತಟ್ಟೆ ನೋಡಿದರೆ ಮದುವೆಮನೆಯ ಉಗ್ರಾಣ: ಕೆಂಪು ಕಾಳು, ಅನ್ನ, ಕೈಮ, ಹುರಿದ ಹಂದಿಮಾಂಸ, ಮೊಟ್ಟೆ, ಕರಿದ ಬಾಳೆಹಣ್ಣು, ಮುಸುಕಿನ ಜೋಳದ ರೊಟ್ಟಿ, ಪಕ್ಕದಲ್ಲಿ ಬೆಣ್ಣೆಹಣ್ಣು.

“ಒಬ್ಬರಿಗೆ ಮುಗಿಯಲ್ಲ, ಹಂಚ್ಕೊಂಡು ತಿನ್ನಬಹುದು.”

“ಒಂದೇ ತಟ್ಟೇಲಾ? ಎಂಜಲು ಕಣಪ್ಪಾ!” ಮುಳಬಾಗಿಲು ಕುರ್ಚಿ ಹಿಂದಕ್ಕೆಳೆದುಕೊಂಡರು. “ನಮ್ಮೂರ ದೋಸೆ ಯಾವನಾದ್ರೂ ಬೈಟು ಕೇಳಿದ್ದು ನೋಡಿದ್ದೀಯಾ? ಅಡಿ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಕೆಂಪು ಚಟ್ನಿ, ಪಲ್ಯ…”

ದೋಸೆ ಸುರುವಾಯಿತು ಅಂದರೆ ಮುಂದಿನದು ಡಿವಿಜಿ ಅಂತ ನಮಗೆಲ್ಲ ಗೊತ್ತು. 1887ರಲ್ಲಿ ಮುಳಬಾಗಿಲಲ್ಲಿ ಹುಟ್ಟಿದ್ದು ಡಿವಿಜಿಯವರೇ ಆದರೂ, ಇವರು ಹೇಳೋದು ಕೇಳಿದರೆ ತೊಟ್ಟಿಲು ತೂಗಿದ್ದು ಇವರೇ. ಮಾಲೂರು ಬಿಟ್ಟಾರೆಯೇ? “ನಮ್ಮ ಮಾಸ್ತಿಯವರಿಗೆ 1983ರ ಜ್ಞಾನಪೀಠ” ಅಂತ ಮೇಜು ಕುಟ್ಟಿದರು. ಶ್ರೀನಿವಾಸಪುರಕ್ಕಿರೋದು ಮಾವು, ಅದಕ್ಕೋ ಇದು ಕಾಲವಲ್ಲ. ಅವರು ಮಾತಾಡದೆ ಚೀಲದಿಂದ ಉಪ್ಪಿನಕಾಯಿ ಬಾಟ್ಲಿ ತೆಗೆದು ನಡುಮಧ್ಯೆ ಇಟ್ಟರು. “ಪಾಪನಪಲ್ಲಿಯೋರು ಬಂದ್ರಪ್ಪ” ಅಂದೆ. ದಿವಾನ್ ಪೂರ್ಣಯ್ಯ ಮಗನ ಹೆಸರಿಡುವ ಮುಂಚೆ ಆ ಊರಿಗಿದ್ದ ಹೆಸರು ಅದು. ಅವರಿಗೆ ಎಳ್ಳಷ್ಟೂ ಹಿಡಿಸೋದಿಲ್ಲ.

ನಾನೂ ಸುಮ್ಮನಿರದೆ ಕೋಲಾರದ ಟೊಮೊಟೊ ಮಂಡಿ ಎತ್ತಿದೆ. 15 ಕೆಜಿ ಬಾಕ್ಸುಗಳ ಸಾಲು, ದೇಶವೆಲ್ಲ ಓಡುವ ಲಾರಿಗಳು.

“ಟೊಮೊಟೊನೂ ಆ ಕಡೆಯಿಂದಲೇ ಬಂದಿದ್ದು ಮಾವ. ಮೆಣಸಿನಕಾಯಿ, ಕಡ್ಲೆಕಾಯಿ, ಆಲೂಗಡ್ಡೆ ಎಲ್ಲ ಅಮೆರಿಕ ಖಂಡದ್ದೇ.”

ಮುಳಬಾಗಿಲಿನ ಮುಖ ಸಪ್ಪಗಾಯಿತು. ಕೆಂಪು ಚಟ್ನಿಯಿಂದ ಮೆಣಸಿನಕಾಯಿ ಹೋಯಿತು, ಪಲ್ಯದಿಂದ ಆಲೂಗಡ್ಡೆ ಹೋಯಿತು, ಉಳಿದದ್ದು ಬರೀ ಹಿಟ್ಟು.

“ಹೋಗಲಿ, ಮುದ್ದೆ ನಮ್ಮದೇ ತಾನೇ?” ಅಂದೆ.

“ರಾಗಿ ಆಫ್ರಿಕಾದ್ದು.”

ಓದಿದ ಮಕ್ಕಳನ್ನು ಊಟಕ್ಕೆ ಕರಕೊಂಡು ಹೋಗಬಾರದು.

ಅಷ್ಟರಲ್ಲಿ ಆಫ್ರಿಕಾ ಹಬೆಯಾಡುತ್ತಾ ತಟ್ಟೆಗೆ ಬಿತ್ತು. ಬಟ್ಟಲಲ್ಲಿ ಸಾರು, ಸಿಪ್ಪೆ ಕಳಚಿದ ಅವರೆಬೇಳೆ, ಮೂಗಿಗೆ ಬಡಿಯುವ ಸೊಗಡು. ಮಾಲೂರು ಮುದ್ದೆಯ ನೆತ್ತಿಗೆ ಹೆಬ್ಬೆರಳಲ್ಲಿ ಗುಳಿ ಒತ್ತಿ ತುಪ್ಪ ಬಿಟ್ಟುಕೊಂಡರು. ಬೆರಳು ಸುಟ್ಟರೂ ಸುಟ್ಟಿತೆಂದು ಒಪ್ಪೋ ಪೈಕಿ ಅಲ್ಲ. ಹುಡುಗ ಒಂದು ಚೂರು ಬಾಯಿಗಿಟ್ಟು ಅಗಿಯತೊಡಗಿದ.

“ಅಗೀಬೇಡ! ನುಂಗು!” ನಾಲ್ಕು ತಾಲ್ಲೂಕೂ ಒಕ್ಕೊರಲಿಂದ ಕೂಗಿತು. ಈ ಒಂದು ವಿಷಯದಲ್ಲಿ ನಮ್ಮಲ್ಲಿ ಭಿನ್ನಮತವಿಲ್ಲ.

ನಮ್ಮಲ್ಲೂ ಹಂಚಿಕೊಳ್ಳೋದುಂಟು, ಆದರೆ ದಾರಿ ಬೇರೆ. ನಮ್ಮ ತಟ್ಟೆಯದನ್ನು ಕೊಡೋದಿಲ್ಲ. ಬಡಿಸೋನಿಗೆ ಕಣ್ಸನ್ನೆ ಮಾಡಿ ಪಕ್ಕದವನ ತಟ್ಟೆಗೆ ಹಾಕಿಸುತ್ತೇವೆ. ಹುಡುಗ ಎರಡೂ ಕೈ ಅಡ್ಡ ಹಿಡಿದ. ಶ್ರೀನಿವಾಸಪುರ ಉಪ್ಪಿನಕಾಯಿ ಕೊಡೋ ನೆಪದಲ್ಲಿ ಒಂದು ಕೈ ಸರಿಸಿದರು, ಆ ಸಂದಿನಲ್ಲಿ ಎರಡನೇ ಮುದ್ದೆ ಬಿದ್ದೇ ಬಿತ್ತು.

ಹತ್ತು ನಿಮಿಷವಾದರೂ ಅದು ಹಾಗೇ ಕೂತಿತ್ತು. ಹುಡುಗ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಮುಳಬಾಗಿಲು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, “ಮುಟ್ಟಿಲ್ಲ ತಾನೇ?” ಅಂತ ಕೇಳಿ, ಅವನ ತಟ್ಟೆಗೇ ಕೈ ಹಾಕಿ ಅರ್ಧ ಮುದ್ದೆ ಮುರಿದುಕೊಂಡರು.