ಅಟ್ಲಾಂಟಿಕ್ ತೀರದಲ್ಲೊಂದು ಕ್ಯಾಲಿಫೋರ್ನಿಯಾ

ಅಮೆರಿಕದ ಅಧ್ಯಕ್ಷರು 2025ರಲ್ಲಿ ಒಂದು ಕೊಲ್ಲಿಯ ಹೆಸರು ಬದಲಿಸಿದ್ದಕ್ಕೆ ಲೋಕವೆಲ್ಲ ಬಾಯಿ ಬಡಿದುಕೊಂಡಿತು. ಅದಕ್ಕಿಂತ ದೊಡ್ಡ ಭೂಗೋಳದ ಕೆಲಸವನ್ನು 2023ರ ಸೆಪ್ಟೆಂಬರ್ 1ರಂದೇ ಒಂದಷ್ಟು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಒಂದು ಮತದಾನದಲ್ಲಿ ಮುಗಿಸಿದ್ದರು. ಪೆಸಿಫಿಕ್ ಸಾಗರದ ಗಾಳಿ ಕುಡಿದು ಬೆಳೆದ ಸ್ಟ್ಯಾನ್‌ಫರ್ಡನ್ನೂ ಬರ್ಕ್ಲಿಯನ್ನೂ ಎತ್ತಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿ ಕೂರಿಸಿದರು. ಇರಲಿ ಅಂತ ಟೆಕ್ಸಾಸಿನ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವನ್ನೂ ಸೇರಿಸಿಕೊಂಡರು. ಡಲ್ಲಾಸಿನವರು ಅಟ್ಲಾಂಟಿಕ್ ಸಾಗರದಲ್ಲಿ ಕಾಲು ನೆನೆಸಬೇಕೆಂದರೆ ಒಂದು ಹಗಲು ಪೂರ್ತಿ ಕಾರು ಓಡಿಸಬೇಕು. ಅದಕ್ಕೇನು, ಮತ ಬಿದ್ದಮೇಲೆ ಅದೂ ಕರಾವಳಿಯೇ.

ಕಾನ್ಫರೆನ್ಸ್ ಅಂದರೆ ಬನ್ನು, ಕಾಫಿ ಕೊಟ್ಟು ಪೇಪರ್ ಓದಿಸುವ ನಮ್ಮ ವಿಚಾರ ಸಂಕಿರಣವಲ್ಲ. ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ಹತ್ತಾರು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಕೂಟ. ನವೆಂಬರ್, ಡಿಸೆಂಬರಿನಲ್ಲಿ ಕಂಡಕಂಡವರ ಜೊತೆ ಆಡಿ ಕೈ ಪಳಗಿಸಿಕೊಂಡ ಬ್ಯಾಸ್ಕೆಟ್‌ಬಾಲ್ ತಂಡಗಳು ಹೊಸ ವರ್ಷದ ಹೊತ್ತಿಗೆ ತಮ್ಮ ತಮ್ಮ ಕೂಟದೊಳಗಿನ ಪಂದ್ಯಗಳಿಗೆ ಸಜ್ಜಾಗುತ್ತವೆ. ಅಸಲಿ ಸೀಸನ್ ಶುರುವಾಗುವುದೇ ಆಗ. ಅಕ್ಕಪಕ್ಕದ ಊರುಗಳ ಹಳೇ ಜಿದ್ದು, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ, ಗೆದ್ದರೆ ವರ್ಷವಿಡೀ ಹಂಗಿಸುವ ಹಕ್ಕು: ಕೂಟದ ಅರ್ಥ ಮೊದಲು ಇಷ್ಟೇ ಇತ್ತು.

ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ನಮ್ಮಲ್ಲೂ ಮನೆಮಾತು. ಯಾರ ಮಗನಿಗೆ ಎಲ್ಲಿ ಸೀಟಾಯಿತು, ಯಾರ ಸೊಸೆ ಎಲ್ಲಿ ಎಂಎಸ್ ಮಾಡಿದಳು ಎಂಬುದು ಜಯನಗರದ ಮದುವೆ ಛತ್ರಗಳಲ್ಲಿ ಹೋಳಿಗೆ ಬಡಿಸುವಷ್ಟರಲ್ಲಿ ಇತ್ಯರ್ಥವಾಗುವ ವಿಷಯ. ಅದೇ ಕ್ಯಾಂಪಸ್ಸುಗಳಲ್ಲಿ ಹೆಣ್ಣುಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ ಎನ್ನುವುದು ಆ ಪಂಕ್ತಿಯಲ್ಲಿ ಪ್ರಸ್ತಾಪವಾದದ್ದು ನಾನು ಕೇಳಿಲ್ಲ. ಆಡುತ್ತಾರೆ, ಇವತ್ತು ನಿನ್ನೆಯಿಂದಲ್ಲ. ಎರಡು ಕಾಲೇಜುಗಳ ಹೆಣ್ಣುಮಕ್ಕಳು ಎದುರುಬದುರಾಗಿ ಬ್ಯಾಸ್ಕೆಟ್‌ಬಾಲ್ ಆಡಿದ ಮೊಟ್ಟಮೊದಲ ಪಂದ್ಯವೇ ಇವರದ್ದು. 1896ರ ಏಪ್ರಿಲ್ 4, ಸ್ಯಾನ್ ಫ್ರಾನ್ಸಿಸ್ಕೋದ ಆರ್ಮರಿ ಹಾಲ್, ತಂಡಕ್ಕೆ 9 ಮಂದಿ. ಸ್ಟ್ಯಾನ್‌ಫರ್ಡ್ 2, ಬರ್ಕ್ಲಿ 1. ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಈಗ ಗಂಡಸರಿಗೆ ಎಲ್ಲ ಬಾಗಿಲೂ ತೆರೆದಿದೆ. ಆದರೆ ಒಳಗೆ ಬಂದು ಪಂದ್ಯ ನೋಡುವ ಕಷ್ಟವನ್ನು ದೊಡ್ಡವರು ತೆಗೆದುಕೊಳ್ಳುವುದಿಲ್ಲ. ಹೊರಗೆ ಕೂತು ವೇಳಾಪಟ್ಟಿ ಬರೆಯುತ್ತಾರೆ.

ಈ ಎರಡು ಕ್ಯಾಂಪಸ್ಸುಗಳ ನಡುವೆ ಟ್ರಾಫಿಕ್ ಕೈಕೊಡದಿದ್ದರೆ ಒಂದು ಗಂಟೆಯ ದಾರಿ. ಇವರಿಬ್ಬರ ಪಂದ್ಯ ಇವತ್ತು ಅಟ್ಲಾಂಟಿಕ್ ಕರಾವಳಿಯ ಪಂದ್ಯವೆಂದು ದಾಖಲಾಗುತ್ತದೆ.

ಹೀಗೇಕಾಯಿತು ಎಂದು ಕೇಳಿದರೆ ಉತ್ತರ ಬ್ಯಾಸ್ಕೆಟ್‌ಬಾಲಿನಲ್ಲಿ ಇಲ್ಲವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆಯನ್ನು ಅಮೆರಿಕದ ವಿಶ್ವವಿದ್ಯಾಲಯಗಳು ಆಡಳಿತ ನೀತಿಯಾಗಿ ಅಂಗೀಕರಿಸಿವೆ. ಎತ್ತು ಅಂದರೆ ಫುಟ್‌ಬಾಲ್. ಅಮೆರಿಕದ ಫುಟ್‌ಬಾಲ್, ಹೆಸರಿನಲ್ಲಿ ಕಾಲಿದ್ದರೂ ಬಹುಪಾಲು ಕೈಯಲ್ಲೇ ಆಡುವುದು. ಟಿವಿ ಹಣವೆಲ್ಲ ಹರಿಯುವುದು ಅದಕ್ಕೆ. 2022ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು, ಅಂದರೆ ಯುಸಿಎಲ್‌ಎ ಮತ್ತು ಯುಎಸ್‌ಸಿ, ಹೆಚ್ಚಿನ ಫುಟ್‌ಬಾಲ್ ಕಾಸಿಗಾಗಿ ಪಶ್ಚಿಮದ ಪ್ಯಾಕ್-12 ಕೂಟ ಬಿಟ್ಟು ಬಿಗ್ ಟೆನ್ ಸೇರುವುದಾಗಿ ಘೋಷಿಸಿದವು. ಮರುವರ್ಷ ಒರೆಗಾನ್, ವಾಷಿಂಗ್ಟನ್ ಅವರ ಹಿಂದೆಯೇ ಹೋದವು. ಕೊಲರಾಡೋ, ಯೂಟಾ, ಅರಿಜೋನಾದ ಎರಡು ವಿಶ್ವವಿದ್ಯಾಲಯಗಳು ಬಿಗ್ 12 ಕಡೆ ನಡೆದವು. ಕೊನೆಗೆ ಬಾಗಿಲು ಹಾಕುವ ಹೊತ್ತಿಗೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಟಿವಿ ಹಣದಲ್ಲಿ ಏಳು ವರ್ಷ ಶೇ. 30ರಷ್ಟೇ ಪಾಲು ಕೊಟ್ಟರೂ ಸಾಕು, ನಮ್ಮನ್ನು ಬೀದಿಯಲ್ಲಿ ಬಿಡಬೇಡಿ ಎಂದು ದೇಶದ ಆಚೆ ತುದಿಯ ಮನೆ ಸೇರಿದವು. ನೊಬೆಲ್ ಪುರಸ್ಕೃತರನ್ನು ಸಾಲಾಗಿ ನಿಲ್ಲಿಸಬಲ್ಲ ಎರಡು ವಿದ್ಯಾಪೀಠಗಳು ಮಾಡಿಕೊಂಡ ಚೌಕಾಸಿ ಇದು.

ಈಗ ಬಿಗ್ ಟೆನ್‌ನಲ್ಲಿರುವುದು 18 ವಿಶ್ವವಿದ್ಯಾಲಯ, ಬಿಗ್ 12ರಲ್ಲಿ 16. ಎಲ್ಲರೂ ಬಿಟ್ಟುಹೋದಾಗ ಪ್ಯಾಕ್-12ರಲ್ಲಿ ಉಳಿದವರು 2. ಇವರೆಲ್ಲ ಗಣಿತ ಕಲಿಸುವ ಸಂಸ್ಥೆಗಳು ಎಂಬುದನ್ನು ದಯವಿಟ್ಟು ಮರೆಯಬೇಡಿ.

ಇನ್ನೂ ಒಂದು ತಮಾಷೆಯಿದೆ. ಅಟ್ಲಾಂಟಿಕ್ ಕೂಟದಲ್ಲಿ ಸಮುದ್ರದ ಸುಳಿವೇ ಇಲ್ಲದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ಕೂಡ ಇದೆ. ಅದರ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ ಕೂಟದ ನಿಯಮದಂತೆ ಊರೂರು ತಿರುಗುತ್ತದೆ. ಆದರೆ ಅದರ ಫುಟ್‌ಬಾಲ್ ತಂಡ ಯಾವ ಕೂಟಕ್ಕೂ ಸೇರದೆ ಸ್ವತಂತ್ರವಾಗಿದೆ, ತನ್ನದೇ ಟಿವಿ ಒಪ್ಪಂದ ಇಟ್ಟುಕೊಂಡಿದೆ. ಫುಟ್‌ಬಾಲಿಗಾಗಿ ಕಟ್ಟಿದ ಮನೆಯೊಳಗೆ ಹೆಣ್ಣುಮಕ್ಕಳು ಬಾಡಿಗೆ ಕಟ್ಟುತ್ತಿದ್ದಾರೆ, ಫುಟ್‌ಬಾಲಿನವರು ಬಂಗಲೆಯಲ್ಲಿದ್ದಾರೆ.

ಫುಟ್‌ಬಾಲಿಗೆ ಈ ದೂರ ಒಂದು ದೂರವೇ ಅಲ್ಲ. ಅವರ ಸೀಸನ್ನಿನಲ್ಲಿ 12 ಪಂದ್ಯ, ಹೆಚ್ಚಾಗಿ ಶನಿವಾರ, ಅದರಲ್ಲೂ ಸುಮಾರು ಅರ್ಧ ಸ್ವಂತ ಮೈದಾನದಲ್ಲೇ. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲಿನಲ್ಲಿ ಕೂಟದ ಪಂದ್ಯಗಳೇ 18. ಗುರುವಾರ ಒಂದು, ಭಾನುವಾರ ಇನ್ನೊಂದು. ಹಾಗಾಗಿ ಜನವರಿಯಲ್ಲಿ ಇಂಥ ತಂಡವೊಂದು ಹೇಗೆ ತಯಾರಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಬೆಳಗಿನ ಅಭ್ಯಾಸಕ್ಕೆ ಎದುರಾಳಿಗಳು ಬೇಕು. ಅದಕ್ಕೆ ಅಲ್ಲಿನ ಬಹಳಷ್ಟು ಕಾಲೇಜುಗಳಲ್ಲಿ ಹುಡುಗರನ್ನು ಕರೆಸುತ್ತಾರೆ. ಕಾಲೇಜು ತಂಡಕ್ಕೆ ಆಯ್ಕೆಯಾಗದ, ಆದರೆ ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುತ್ತಿದ್ದ ಮಾಮೂಲಿ ವಿದ್ಯಾರ್ಥಿಗಳು. ಸಂಬಳವಿಲ್ಲ. ಮುಂದಿನ ವಾರದ ಎದುರಾಳಿ ತಂಡದ ಉದ್ದನೆಯ ಸೆಂಟರ್ ಯಾರೋ, ಅವಳಂತೆ ಒಬ್ಬ ಹುಡುಗ ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಅವರ ಪಾಯಿಂಟ್ ಗಾರ್ಡ್‌ಳಂತೆ ಇನ್ನೊಬ್ಬ ಎಡಗೈಯಲ್ಲಿ ಡ್ರಿಬಲ್ ಮಾಡುತ್ತಾ ನುಗ್ಗುತ್ತಾನೆ. ಹೆಣ್ಣಿನ ವೇಷ ಕಟ್ಟುವುದು ನಮ್ಮ ಯಕ್ಷಗಾನದವರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದವರು ಒಮ್ಮೆ ಈ ಅಭ್ಯಾಸ ನೋಡಬೇಕು. ಇಡೀ ಕಾಲೇಜು ಕ್ರೀಡಾ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳ ಆಟಕ್ಕಾಗಿ ಪುಕ್ಕಟೆ ಬೆವರು ಸುರಿಸುವ ಗಂಡಸರು ನನಗೆ ಕಂಡದ್ದು ಇವರೇ. ಇವರಿಗೆ ಯಾವ ಕೂಟದಲ್ಲೂ ಮತದಾನದ ಹಕ್ಕಿಲ್ಲ.

ಅಭ್ಯಾಸ ಮುಗಿದರೆ ವಿಡಿಯೋ. ವಿಡಿಯೋ ಮುಗಿದರೆ ತರಗತಿ. ಸ್ಟ್ಯಾನ್‌ಫರ್ಡಿನಲ್ಲಿ ಚಳಿಗಾಲದ ಪಾಠ ಶುರುವಾಗುವುದು ಸರಿಯಾಗಿ ಜನವರಿಯ ಮೊದಲಿಗೆ, ಕೂಟದ ಪಂದ್ಯಗಳು ಬಿಸಿಯೇರುವ ಹೊತ್ತಿಗೆ. ಮೊದಲ ತರಗತಿಗೆ ಹಾಜರಾಗಿ ಮೇಷ್ಟ್ರ ಮುಖ ಗುರುತಿಟ್ಟುಕೊಳ್ಳುವಷ್ಟರಲ್ಲಿ ಬಾಸ್ಟನ್ನಿಗೆ ಬ್ಯಾಗು ಕಟ್ಟಬೇಕು. ವಿಮಾನದಲ್ಲಿ ಐದೂವರೆ ಗಂಟೆ. ಇಳಿದಾಗ ಗಡಿಯಾರ ಇನ್ನೂ ಮೂರು ಗಂಟೆ ನುಂಗಿರುತ್ತದೆ. ಅಲ್ಲಿ ಭಾನುವಾರ ಮಧ್ಯಾಹ್ನ 12ಕ್ಕೆ ಪಂದ್ಯವಿಟ್ಟರೆ ಕ್ಯಾಲಿಫೋರ್ನಿಯಾದ ಮೈಗೆ ಅದು ಬೆಳಗಿನ 9. ಕಾಫಿಯೇ ಇಳಿದಿರದ ಹೊತ್ತಿನಲ್ಲಿ ರೀಬೌಂಡಿಗೆ ಹಾರಬೇಕು. ರಾತ್ರಿ ಹೋಟೆಲಿನ ಕೋಣೆಯಲ್ಲಿ ಮೊಣಕಾಲಿಗೆ ಐಸ್ ಪ್ಯಾಕ್ ಕಟ್ಟಿಕೊಂಡು, ಮಂಚದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಅಸೈನ್‌ಮೆಂಟ್. ಸಲ್ಲಿಸುವ ಗಡುವು ಕ್ಯಾಲಿಫೋರ್ನಿಯಾ ಸಮಯದಲ್ಲಿದೆ ಎಂಬುದೊಂದೇ ಸಮಾಧಾನ.

ಇದೆಲ್ಲ ವಿದ್ಯಾರ್ಥಿಗಳ ಓದಿಗೆ ತೊಂದರೆಯಲ್ಲವೇ ಎಂದು ನೀವು ಕೇಳಬಹುದು. ಹಾಗೆ ಕೇಳುವವರಿಗೆಂದೇ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ಒಂದು ನಿಯಮ ಇಟ್ಟಿದೆ. ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಾಲ ಯಾರನ್ನೂ ಆಟಕ್ಕೆ ಹಚ್ಚುವಂತಿಲ್ಲ. ಎಷ್ಟು ಅಂತಃಕರಣ ನೋಡಿ. ಆ 20 ಗಂಟೆಯ ಲೆಕ್ಕದಲ್ಲಿ ಪಂದ್ಯದ ದಿನ, ಎಷ್ಟು ಹೊತ್ತು ಹಿಡಿದರೂ, 3 ಗಂಟೆ. ಪ್ರಯಾಣ ಲೆಕ್ಕಕ್ಕೇ ಇಲ್ಲ. ಅಂದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಾಸ್ಟನ್ನಿಗೆ ಹೋಗುವುದು, ಬಾಸ್ಟನ್ನಿನಿಂದ ಸಿರಾಕ್ಯೂಸಿನ ಹಿಮಕ್ಕೆ ಹೋಗುವುದು, ವಾಪಸು ದೇಶದ ಉದ್ದಗಲ ದಾಟಿ ಬರುವುದು, ಇವೆಲ್ಲ ಆ ಹುಡುಗಿಯರು ತಮ್ಮ ಬಿಡುವಿನಲ್ಲಿ ಮಾಡುವ ಪ್ರವಾಸ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಟಿಎ-ಡಿಎ ಬಿಲ್ಲು ತಯಾರಿಸುವವರೂ ಈ ನಿಯಮ ಬರೆದವರ ಮುಂದೆ ಕೈಕಟ್ಟಿ ನಿಲ್ಲಬೇಕು.

ಬಿಗ್ ಟೆನ್ ಕಥೆ ಇನ್ನೂ ಸೊಗಸು. 2024ರ ಮಾರ್ಚಿನಲ್ಲಿ ಹಳೇ ಪ್ಯಾಕ್-12 ತನ್ನ ಕೊನೆಯ ಮಹಿಳಾ ಟೂರ್ನಿ ನಡೆಸಿತು. ಯುಎಸ್‌ಸಿ ಗೆದ್ದಿತು, ಸ್ಟ್ಯಾನ್‌ಫರ್ಡ್ ಸೋತಿತು. ಹೆಣ್ಣುಮಕ್ಕಳ ಆಟದಲ್ಲಿ ಆ ವರ್ಷ ಅದು ದೇಶದ ಅತಿ ಬಲಿಷ್ಠ ಕೂಟಗಳಲ್ಲೊಂದು, ಏಳು ತಂಡಗಳು ರಾಷ್ಟ್ರೀಯ ಟೂರ್ನಿಗೆ ಹೋದವು. ಕೂಟವನ್ನು ಉಳಿಸಲು ಅದೂ ಸಾಕಾಗಲಿಲ್ಲ. ಮರುವರ್ಷ, 2025ರ ಮಾರ್ಚಿನಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ ಬಿಗ್ ಟೆನ್ ಫೈನಲ್. ಎದುರಾದವರು ಯಾರು? ಯುಸಿಎಲ್‌ಎ ಮತ್ತು ಯುಎಸ್‌ಸಿ. ಒಂದೇ ಊರಿನವರು, ಇಪ್ಪತ್ತು ಕಿಲೋಮೀಟರಿನ ಅಂತರದವರು. ಯುಸಿಎಲ್‌ಎ 72, ಯುಎಸ್‌ಸಿ 67. ಲಾಸ್ ಏಂಜಲೀಸಿನಲ್ಲಿ ಬ್ಯಾಸ್ಕೆಟ್‌ಬಾಲ್ ಬುಟ್ಟಿಗಳ ಕೊರತೆ ಇತ್ತೆಂದು ಎಲ್ಲೂ ವರದಿಯಾಗಿಲ್ಲ.

ಹೆಣ್ಣುಮಕ್ಕಳ ಆಟಕ್ಕೆ ನೋಡುಗರಿಲ್ಲ, ಹಣ ಬರುವುದಿಲ್ಲ, ಆದ್ದರಿಂದ ಎತ್ತಿನ ಹಿಂದೆ ಹೋಗುವುದು ಅನಿವಾರ್ಯ ಎಂಬ ವಾದ ಬಹಳ ಕಾಲ ನಡೆಯಿತು. 2024ರ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲಿನಾ ಮತ್ತು ತಾರೆ ಕೇಟ್ಲಿನ್ ಕ್ಲಾರ್ಕ್‌ಳ ಅಯೋವಾ ಆಡಿದ ರಾಷ್ಟ್ರೀಯ ಟೂರ್ನಿಯ ಮಹಿಳಾ ಫೈನಲ್ ಅನ್ನು ಟಿವಿಯಲ್ಲಿ ಸುಮಾರು 1 ಕೋಟಿ 89 ಲಕ್ಷ ಜನ ನೋಡಿದರು. ಪುರುಷರ ಫೈನಲ್ ನೋಡಿದವರು ಸುಮಾರು 1 ಕೋಟಿ 48 ಲಕ್ಷ. ವಾದ ಸತ್ತಿತು. ಆದರೆ ವಾದದ ಮೇಲೆ ಬರೆದ ಒಪ್ಪಂದಗಳು ಗಟ್ಟಿಮುಟ್ಟಾಗಿವೆ: ಪುರುಷರ ಟೂರ್ನಿಗೆ ಟಿವಿಯಿಂದ ವರ್ಷಕ್ಕೆ ಸುಮಾರು 110 ಕೋಟಿ ಡಾಲರ್, ಮಹಿಳಾ ಟೂರ್ನಿಯ ಬೆಲೆ ವರ್ಷಕ್ಕೆ ಸುಮಾರು 6.5 ಕೋಟಿ ಡಾಲರ್ ಎಂದು ಎನ್‌ಸಿಎಎಯೇ ಹೇಳಿಕೊಂಡಿತು, ಅದೂ 40 ಬಗೆಯ ಚಾಂಪಿಯನ್‌ಷಿಪ್‌ಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾರಿದಾಗ. ಟೂರ್ನಿಯಲ್ಲಿ ಗೆದ್ದ ಪುರುಷರ ತಂಡಗಳ ಕೂಟಗಳಿಗೆ 1991ರಿಂದ ಪಾಲು ಬರುತ್ತಿತ್ತು. ಹೆಣ್ಣುಮಕ್ಕಳು ಗೆದ್ದರೂ ಪಾಲು ಕೊಡೋಣ ಎಂಬ ಜ್ಞಾನೋದಯವಾದದ್ದು 2025ರಲ್ಲಿ. ಅದೇ ವರ್ಷ ಆಟಗಾರರ ಹಳೇ ಬಾಕಿ ತೀರಿಸಲು ನ್ಯಾಯಾಲಯ 280 ಕೋಟಿ ಡಾಲರಿನ ರಾಜಿಗೆ ಒಪ್ಪಿಗೆ ಕೊಟ್ಟಿತು. ಹಂಚಿಕೆಯ ಸೂತ್ರದಲ್ಲಿ ಎತ್ತಿಗೆ ಸುಮಾರು 75 ಭಾಗ, ಪುರುಷರ ಬ್ಯಾಸ್ಕೆಟ್‌ಬಾಲಿಗೆ 15, ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲಿಗೆ 5. ಬರೆ ಹಾಕಿಸಿಕೊಂಡದ್ದಕ್ಕೆ ಮುಲಾಮಿನ ಖರ್ಚು.

2021ರಲ್ಲಿ ಇದೇ ಎನ್‌ಸಿಎಎಯವರು ರಾಷ್ಟ್ರೀಯ ಟೂರ್ನಿಗೆ ಸ್ಯಾನ್ ಆಂಟೋನಿಯೋಗೆ ಬಂದ 64 ಮಹಿಳಾ ತಂಡಗಳಿಗೆ ವ್ಯಾಯಾಮಕ್ಕೆಂದು ಒಂದು ಸ್ಟ್ಯಾಂಡ್ ಡಂಬೆಲ್ ಇಟ್ಟು ಕೈತೊಳೆದುಕೊಂಡಿದ್ದರು. ಇಂಡಿಯಾನಾಪೊಲಿಸ್‌ನಲ್ಲಿದ್ದ ಗಂಡುಮಕ್ಕಳಿಗೆ ದೊಡ್ಡ ಜಿಮ್ಮೇ ಇತ್ತು. ಜಾಗದ ಅಭಾವ ಎಂಬ ಸಬೂಬು ಬಂತು. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಮೊಬೈಲ್ ಹಿಡಿದು ಸುತ್ತ ತಿರುಗಿಸಿ ಆ ಖಾಲಿ ಸಭಾಂಗಣವನ್ನು ಲೋಕಕ್ಕೆಲ್ಲ ತೋರಿಸಿದಳು. ಒಂದೆರಡು ದಿನದಲ್ಲಿ ಜಿಮ್ ಬಂತು. ಜಾಗ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ಆ ಸಲದ ಫೈನಲ್ ಆಡಿದ ಎರಡೂ ತಂಡಗಳು ಪ್ಯಾಕ್-12ರವು. ಸ್ಟ್ಯಾನ್‌ಫರ್ಡ್ 54–53ರಲ್ಲಿ ಅರಿಜೋನಾವನ್ನು ಸೋಲಿಸಿತು.

ಅದೇ ಸ್ಟ್ಯಾನ್‌ಫರ್ಡ್ ಹೊಸ ಕೂಟದ ಮೊದಲ ವರ್ಷವೇ, ಸತತ 36 ಟೂರ್ನಿಗಳ ನಂತರ ಮೊದಲ ಬಾರಿಗೆ, ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾಗಲಿಲ್ಲ. ಪೂರ್ತಿ ತಪ್ಪನ್ನು ವಿಮಾನದ ಮೇಲೆ ಹೊರಿಸುವುದು ಅನ್ಯಾಯ. 38 ಸೀಸನ್ ತಂಡ ಕಟ್ಟಿದ ಕೋಚ್ ಟಾರಾ ವ್ಯಾನ್‌ಡರ್‌ವಿಯರ್ ವೃತ್ತಿಜೀವನದ ಒಟ್ಟು 1,216 ಗೆಲುವಿನೊಂದಿಗೆ 2024ರಲ್ಲಿ ನಿವೃತ್ತರಾಗಿದ್ದರು, ಪ್ರಮುಖ ಆಟಗಾರ್ತಿಯರೂ ಹೋಗಿದ್ದರು. ಅದೇ ವಿಮಾನ ಹತ್ತಿದ ಬರ್ಕ್ಲಿ ಆ ವರ್ಷ ಟೂರ್ನಿಗೆ ಹೋಯಿತು. ಹುಡುಗಿಯರು ನಿದ್ದೆಗೆಟ್ಟೂ ಗೆಲ್ಲಬಲ್ಲರು. ಅದನ್ನೇ ವ್ಯವಸ್ಥೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಿ ಮುಂದಿನ ಸಭೆಯಲ್ಲಿ ಯಾರಾದರೂ ಮಂಡಿಸಿದರೆ ನನಗೆ ಆಶ್ಚರ್ಯವಿಲ್ಲ.

ಬೇ ಏರಿಯಾದ ಕನ್ನಡಿಗರಲ್ಲಿ ಒಂದು ವಿನಂತಿ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿದಮೇಲೆ ಒಂದು ಗುರುವಾರ ಸಂಜೆ ಸ್ಟ್ಯಾನ್‌ಫರ್ಡಿನ ಮೇಪಲ್ಸ್ ಪೆವಿಲಿಯನ್ನಿಗೋ ಬರ್ಕ್ಲಿಯ ಹಾಸ್ ಪೆವಿಲಿಯನ್ನಿಗೋ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆಯ ಆ ಕ್ಯಾಂಪಸ್ಸಿನಲ್ಲಿ ಟಿಕೆಟ್ ಕೊಂಡರೆ ಸಿಗುವ ಸೀಟೂ ಇದೆ ಎಂದು ತೋರಿಸಿ. ಪೂರ್ವದಿಂದ ಬಂದ ತಂಡಕ್ಕೂ ಒಂದು ಚಪ್ಪಾಳೆ ಕೊಡಿ. ಅವರದ್ದೂ ಇದೇ ಪಾಡು, ಭಾನುವಾರ ಇನ್ನೊಂದು ಪಂದ್ಯ ಮುಗಿಸಿಯೇ ಅವರು ಮನೆಗೆ ಹೋಗಬೇಕು.