ಹೋದ ವರ್ಷದ ಹೊಸಾ ಕಾರು

ಸನ್ಮಾನ್ಯ ಮಾಡೆಲ್ ಇಯರ್ ಸಾಹೇಬರಿಗೆ,

ಗೋಕಾಕದಿಂದ ಕಬ್ಬು ಬೆಳೆಗಾರನೊಬ್ಬನ ನಮಸ್ಕಾರ. ಈ ಕಡೆ ಎಲ್ಲ ಕ್ಷೇಮ. ತಮ್ಮ ಕ್ಷೇಮ ಕೇಳುವ ಅಗತ್ಯವಿಲ್ಲ. ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಸಾವಿರಾರು ಕಾರುಗಳನ್ನು ನಿಂತಲ್ಲೇ ಒಂದು ವರ್ಷ ಮುದಿ ಮಾಡುವವರಿಗೆ ಆರೋಗ್ಯಕ್ಕೇನು ಕೊರತೆ?

ಕಳೆದ ದಸರೆಗೆ ನಾನೊಂದು ಎಲೆಕ್ಟ್ರಿಕ್ ಕಾರು ಬುಕ್ ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದು ಊರೆಲ್ಲ ಅತ್ತ ಓಡಿದರೂ ನಾನು ಕದಲಲಿಲ್ಲ. ಎಲೆಕ್ಟ್ರಿಕ್‌ಗೆ 2019ರಿಂದಲೇ ಐದು ಪರ್ಸೆಂಟ್. ಮೇಲಾಗಿ ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಘಟಪ್ರಭೆ 170 ಅಡಿ ಧುಮುಕುವ ಗೋಕಾಕ ಫಾಲ್ಸಿನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿದ್ದು 1887ರಲ್ಲಿ. ಹುಕ್ಕೇರಿಯವರು 1969ರಲ್ಲಿ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ರಾಜ್ಯದಲ್ಲಿ ಅಂಥದ್ದು ಅದೊಂದೇ. ಬೇರೆ ಊರಿಗೆ ಹಾಲಿನ ಸೊಸೈಟಿ ಇದ್ದರೆ ಅವರಿಗೆ ಕರೆಂಟಿನ ಸೊಸೈಟಿ! ನನ್ನ ಹೆಂಡತಿಯ ತವರು ಹುಕ್ಕೇರಿ. ಅಲ್ಲಿಗೆ ಹೋದಾಗ ಕಾರು ಚಾರ್ಜಿಗೆ ಹಚ್ಚಿದರೆ ಅಳಿಯನ ಉಪಚಾರದಲ್ಲಿ ಅದೂ ಸೇರಿಹೋಗುತ್ತದೆಂಬ ಲೆಕ್ಕ ನನಗಿತ್ತು, ಮುಚ್ಚಿಡುವುದಿಲ್ಲ.

ಶೋರೂಮಿನವರು ದೀಪಾವಳಿಗೆ ಅಂದರು. ದೀಪಾವಳಿ ಹೋಗಿ ಗೌರಿ ಹುಣ್ಣಿವೆ ಬಂತು, ಎಳ್ಳಮಾಸೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿಯೂ ಬಂದೆವು. ಕಾರು ಬಂದದ್ದು ಸಂಕ್ರಾಂತಿಗೆ.

ಜೊತೆಗೆ ಮೂಡಲಗಿಯ ಸೋದರಮಾವನನ್ನು ಕರೆದುಕೊಂಡು ಹೋದೆ. (ಮೂಡಲಗಿಯೂ ಹೊಸ ಮಾಡೆಲ್ಲೇ ಅನ್ನಿ, ಗೋಕಾಕ ತಾಲ್ಲೂಕಿನೊಳಗಿದ್ದದ್ದು 2017-18ರ ಬಜೆಟ್ಟಿನ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಬೇರೆಯಾಯಿತು. ಮಾವನ ಹಳೆಯ ಕಾಗದಗಳಲ್ಲಿ ಇನ್ನೂ ‘ತಾ: ಗೋಕಾಕ’ ಎಂದೇ ಇದೆ, ಅವನ ಬೆಲೆಯೇನೂ ಇಳಿದಿಲ್ಲ.) ಮಾವ ಎತ್ತಿನ ಬಾಯಿ ತೆರೆದು ವಯಸ್ಸು ಹೇಳುವವನು: ಹಾಲಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಕಾರಿಗೆ ಹಲ್ಲಿಲ್ಲ, 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇದೆ. ಹಲವು ಕಂಪನಿಗಳು ಅದರ 10ನೆಯ ಜಾಗದಲ್ಲಿ ತಮ್ಮನ್ನು ಕೂರಿಸುತ್ತವೆ: 2025ಕ್ಕೆ ಎಸ್, 2026ಕ್ಕೆ ಟಿ. ಮಾವ ಚಾಳೀಸು ಏರಿಸಿ ಬೆರಳಿಟ್ಟು ಎಣಿಸಿದ. ಎಸ್. ಕಾಗದ ತರಿಸಿ ನೋಡಿದರೆ ಕಾರು ಹುಟ್ಟಿದ್ದು ಜೂನಿನಲ್ಲಿ, ನಾನು ಬುಕ್ ಮಾಡುವ ಮೊದಲೇ.

“ಇದು ಹಳೇದಲ್ಲೇನಪಾ?”

“ಹಳೇದಲ್ರೀ ಕಾಕಾರ, ಹೋದ ವರ್ಷದ ಹೊಸಾದು.”

“ಮತ್ತ ರೇಟು?”

“ರೇಟು ಈ ವರ್ಷದ್ದರೀ. ಒಂದನೇ ತಾರೀಖಿಗೆ ಏರೇತಿ.”

ಮಾವ ಎಷ್ಟೋ ದಲಾಲರನ್ನು ಕಂಡವನು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವಾಗಲೂ ಇಂಥ ಮಾತು ಕೇಳಿಲ್ಲವೆಂದ. “ಈ ವರ್ಷದ್ದೇ ಬೇಕಂದ್ರ?” ಎಂದು ನಾನು ಕೇಳಿದೆ. ಬರುತ್ತದಂತೆ, ದೊಡ್ಡ ಬ್ಯಾಟರಿಯೂ ಇರುತ್ತದಂತೆ. ಯಾವಾಗ, ಎಷ್ಟಕ್ಕೆ ಎಂಬುದು ಮಾತ್ರ ಮೇಲಿನವರಿಗೇ ಗೊತ್ತಂತೆ.

ತಮ್ಮ ಕಡೆಯ ನ್ಯಾಯವನ್ನೂ ಹೇಳುತ್ತೇನೆ. ಲಿಥಿಯಂ ಬ್ಯಾಟರಿ ಓಡದೆ ನಿಂತರೂ ಸವೆಯುತ್ತದೆ. ತುಂಬ ಚಾರ್ಜ್ ಇಟ್ಟು ಬಿಸಿಲಿಗೆ ಬಿಟ್ಟರೆ ಇನ್ನಷ್ಟು ಬೇಗ. ವಿಮೆಯವರ ರೂಢಿಯ ಪಟ್ಟಿಯಲ್ಲೂ ಆರು ತಿಂಗಳೊಳಗಿನ ಗಾಡಿಗೆ 5 ಪರ್ಸೆಂಟ್ ಕಡಿತ, ಅದು ದಾಟಿದರೆ 15, ವರ್ಷ ದಾಟಿದರೆ 20. ಅಂದಮೇಲೆ ಜೂನಿನ ಗಾಡಿ ಜನವರಿಯಲ್ಲಿ ಅಗ್ಗವಾಗಬೇಕು. ಇದು ತುಟ್ಟಿಯಾಗಿದೆ.

ನನಗೆ ಈ ಲೆಕ್ಕ ಹೊಸದಲ್ಲ, ಸಾಹೇಬರೇ. ಕಳೆದ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ಹಗಲುರಾತ್ರಿ ಕುಳಿತರು. ಸರಕಾರ ಕೊನೆಗೆ 3,300 ಎಂದಿತು. ಕಡಿದ ಕಬ್ಬು ಕಾರ್ಖಾನೆಯ ಮುಂದೆ ಟ್ರ್ಯಾಕ್ಟರಿನಲ್ಲಿ ಒಣಗುತ್ತ ನಿಂತರೆ ತೂಕ ಇಳಿಯುತ್ತದೆ, ನಷ್ಟ ನನ್ನದು. ತಯಾರಾದ ಕಾರು ಕಂಪನಿಯ ಯಾರ್ಡಿನಲ್ಲಿ ಧೂಳು ತಿನ್ನುತ್ತ ನಿಂತರೆ ಬೆಲೆ ಇಳಿಯುತ್ತದೆ, ಅದೂ ನನ್ನದೇ. ಮಾರುವಾಗ ನನ್ನ ಮಾಲು ಹಳತು, ಕೊಳ್ಳುವಾಗ ಅವರ ಮಾಲು ಹೊಸತು. ಇದನ್ನು ಯಾವ ಇಂಜಿನಿಯರ್ ಡಿಸೈನ್ ಮಾಡಿದನೋ, ಅವನಿಗೊಂದು ಡಬ್ಬಿ ಕರದಂಟು ಕಳಿಸುತ್ತೇನೆ. ಡಬ್ಬಿಯ ಮೇಲೆ ತಯಾರಾದ ತಾರೀಖು ಇರುತ್ತದೆ, ಹದಿನೇಳು ಅಕ್ಷರ ಎಣಿಸಬೇಕಿಲ್ಲ.

ಒಂದೇ ಬಿನ್ನಹ. ತಾವು ಜನವರಿಗೇ ಯಾಕೆ ಬದಲಾಗಬೇಕು? ಸಕ್ಕರೆಯ ವರ್ಷ ಅಕ್ಟೋಬರಿಗೆ ಹುಟ್ಟುತ್ತದೆ, ಸರಕಾರದ್ದು ಏಪ್ರಿಲ್‌ಗೆ, ನಮ್ಮದು ಯುಗಾದಿಗೆ. ಯುಗಾದಿಯವರೆಗೆ ತಡೆದರೆ ನನ್ನ ಕಾರು ಇನ್ನೆರಡು ತಿಂಗಳು ಹರೆಯದಲ್ಲಿರುತ್ತದೆ, ಅಷ್ಟರಲ್ಲಿ ಕಬ್ಬಿನ ಬಿಲ್ಲೂ ಬಂದೀತು. ಕೆಎ-49ರ ಪಾಟಿ ಹಚ್ಚಿಸಿ ಮೊದಲು ಹುಕ್ಕೇರಿಗೇ ಹೋಗುತ್ತೇನೆ.

ಸದ್ಯಕ್ಕೆ ಹುಕ್ಕೇರಿಗೆ ಬಸ್ಸಿನಲ್ಲಿ ಹೊರಟಿದ್ದೇನೆ. ಹತ್ತುವಾಗ ರೂಢಿಯಂತೆ ಕಂಡಕ್ಟರನ್ನು ಕೇಳಿಯೇಬಿಟ್ಟೆ, ಇದು ಯಾವ ಮಾಡೆಲ್ಲು ಅಂತ.

“ಸೀಟ್ ಐತಿ, ಕೂಡ್ರಿ,” ಅಂದರು.

ಇಂತಿ,
ತಮ್ಮ ಎಸ್ ಅಕ್ಷರದ ಗಿರಾಕಿ