ತೂತು ಪೈಪಿನ ಉತ್ತರಾಯುಷ್ಯ

ನಮ್ಮ ಮನೆಯಿಂದ ಮೂರು ಕಾಸಿನ ವ್ಯಾಪಾರವೂ ಹುಟ್ಟುವುದಿಲ್ಲವೆಂಬ ಸಂಗತಿ ಬಸವನಗುಡಿಯ ಗುಜರಿಯವರಿಗೆಲ್ಲ ತಿಳಿದುಹೋಗಿರುವುದರಿಂದ, "ಹಳೇ ಕಬ್ಬಿಣ, ಖಾಲಿ ಶೀಶೆ" ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಬರುವ ಆ ಮಹನೀಯರು ನಮ್ಮ ಗೇಟಿನ ಮುಂದೆ ಮಾತ್ರ ದನಿಯನ್ನು ತಗ್ಗಿಸಿ, ಮುಂದಿನ ಮನೆಯನ್ನು ತಲುಪಿದ ಮೇಲೆ ಮತ್ತೆ ಏರಿಸುತ್ತಾರೆ. ಇದಕ್ಕೆ ಕಾರಣ ನನ್ನ ಕಾರ್ಪಣ್ಯವಲ್ಲ, ಶಾಸ್ತ್ರನಿಷ್ಠೆ. ಮಹಾನವಮಿಯ ದಿನ ಆಯುಧಪೂಜೆಯೆಂದು ಹಾರೆ, ಗುದ್ದಲಿ, ಮಚ್ಚು, ಕುಡುಗೋಲುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿ, ವಿಭೂತಿ ಕುಂಕುಮಗಳನ್ನಿಟ್ಟು, ಚೆಂಡುಹೂವನ್ನು ಮುಡಿಸಿ, ಬೂದುಗುಂಬಳಕಾಯಿ ಒಡೆದು ಕೈಮುಗಿದವನು, ವಿಜಯದಶಮಿ ಕಳೆದ ಮರುದಿನವೇ ಅವುಗಳಲ್ಲೊಂದನ್ನು ತಕ್ಕಡಿಗೆ ಹಾಕಿ ಮಾರುವುದನ್ನು ಯಾವ ಧರ್ಮಗ್ರಂಥ ಒಪ್ಪೀತು? ನಮಸ್ಕಾರ ಮಾಡಿಸಿಕೊಂಡ ವಸ್ತುವಿಗೆ ನಿವೃತ್ತಿಯನ್ನು ಕೊಡಬಹುದೇ ಹೊರತು ಗಡೀಪಾರನ್ನಲ್ಲ.

ಲಾಲ್‌ಬಾಗು ಇಷ್ಟು ಸಮೀಪದಲ್ಲಿ ಇಲ್ಲದಿದ್ದರೆ ಈ ಸಿದ್ಧಾಂತದಿಂದ ಯಾರಿಗೂ ಬಾಧೆಯಾಗುತ್ತಿರಲಿಲ್ಲ. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ ಆ ಗಾಜಿನ ಮನೆಯಲ್ಲಿ ಸ್ವಾತಂತ್ರ್ಯೋತ್ಸವಕ್ಕೊಮ್ಮೆ, ಗಣರಾಜ್ಯೋತ್ಸವಕ್ಕೊಮ್ಮೆ ಫಲಪುಷ್ಪ ಪ್ರದರ್ಶನ ನಡೆದಾಗಲೆಲ್ಲ, ಉಳಿದವರು ಡೇಲಿಯಾ ಹೂವನ್ನು ನೋಡಿ ತೃಪ್ತರಾಗಿ ಮನೆಗೆ ಮರಳಿದರೆ, ನಾನು ಹೊರಗಿನ ಮಳಿಗೆಗಳಲ್ಲಿ ಹೊಸ ಕುರ್ಪಿಯನ್ನೋ ಕತ್ತರಿಯನ್ನೋ ಕೊಂಡು, ಅದಕ್ಕೆ ತಕ್ಕ ತೋಟ ಎಲ್ಲಿದೆಯೆಂದು ಯೋಚಿಸುತ್ತ ಬರುವವನು. ಹೊಸದು ಬಂದರೆ ಹಳೆಯದು ಮೂಲೆ ಸೇರಬೇಕಷ್ಟೆ. ಮೂಲೆಗಳಾದರೋ ನಮ್ಮ ಮನೆಯಲ್ಲಿ ಪರಿಮಿತ.

ಆದಕಾರಣ ಅವುಗಳನ್ನು ಮನೆಯೊಳಗೇ ಉದ್ಯೋಗಕ್ಕೆ ಹಚ್ಚಿದೆನು. ತರಗೆಲೆ ಎಳೆಯುವ ಕಬ್ಬಿಣದ ರೇಕಿನ ಕಾವು ಮುರಿದಾಗ ಅದರ ತಲೆಯನ್ನು ಅಡಿಗೆಮನೆಯ ಗೋಡೆಗೆ ಹೊಡೆದು, ಒಂದೊಂದು ಹಲ್ಲಿಗೆ ಒಂದೊಂದರಂತೆ ಸೌಟು, ಜಾಲರಿ ಸೌಟು, ಮೊಗಚುವ ಕೈಗಳನ್ನು ತೂಗುಹಾಕಿದೆನು. ತಳ ಕಳಚಿದ ನೀರಿನ ಝಾರಿಯಲ್ಲಿ ಕೊಡೆಗಳು ನಿಂತವು. ಮಣ್ಣು ಹೊತ್ತು ಜರಡಿಯಾಗಿದ್ದ ಬಾಂಡ್ಲಿ ನಡುಮನೆಯ ದೀಪಕ್ಕೆ ಕವಚವಾಗಿ, ತೂತುಗಳಿಂದ ಸೂಸಿದ ಬೆಳಕು ಚಾವಣಿಯ ಮೇಲೆ ನಕ್ಷತ್ರಮಂಡಲವನ್ನು ರಚಿಸಿತು. ಓದಲು ಮಾತ್ರ ಬೆಳಕು ಸಾಲದಾಯಿತು. ಇವೆಲ್ಲ ಸಾಮಾನ್ಯರ ಬುದ್ಧಿಗೂ ಹೊಳೆಯಬಹುದಾದ ಉಪಾಯಗಳೆಂದು ಬದಿಗಿಟ್ಟು, ನನ್ನ ಮೇರುಕೃತಿಯಾದ ಪೈಪಿನ ವಿಚಾರಕ್ಕೆ ಬರುತ್ತೇನೆ.

ತೋಟಕ್ಕೆ ನೀರು ಬಿಡುವ ರಬ್ಬರು ಪೈಪು ಬಿಸಿಲಿನಲ್ಲಿ ಬಿದ್ದು ಬಿದ್ದು ಸೀಳಿ, ಗಿಡಕ್ಕಿಂತ ಹೆಚ್ಚಾಗಿ ನನ್ನ ಪಂಚೆಗೇ ನೀರೆರೆಯುವ ಸ್ಥಿತಿಯನ್ನು ತಲುಪಿದಾಗ, ನನಗೆ ಹಡಗುಗಳ ನೆನಪಾಯಿತು. ಹಿಂದೆ ನಾವೆಯ ಮೇಲ್ಗಡೆ ನಿಂತ ಕಪ್ತಾನನು ಕೆಳಗಿನ ಯಂತ್ರದ ಕೋಣೆಗೆ ಆಜ್ಞೆಯನ್ನು ಕಳುಹುತ್ತಿದ್ದುದು ಒಂದು ಕೊಳವೆಯ ಮೂಲಕ. ಬಯಲಿನಲ್ಲಾದರೆ ದಶದಿಕ್ಕುಗಳಿಗೂ ಚದುರಿ ಕ್ಷೀಣಿಸುವ ಶಬ್ದವು ಕೊಳವೆಯೊಳಗೆ ಚದುರಲಾರದೆ ನೇರವಾಗಿ ಸಾಗುತ್ತದೆ. 1808ರಲ್ಲಿ ಬಿಯೋ ಎಂಬ ಫ್ರೆಂಚ್ ವಿಜ್ಞಾನಿ ಪ್ಯಾರಿಸ್ಸಿನಲ್ಲಿ 951 ಮೀಟರು ಉದ್ದದ ನೀರಿನ ಕೊಳವೆಯ ಒಂದು ತುದಿಯಲ್ಲಿ ಆಡಿದ ಪಿಸುಮಾತನ್ನು ಇನ್ನೊಂದು ತುದಿಯಲ್ಲಿ ಕೇಳಿ ತೋರಿಸಿದ್ದನು. ಪ್ಯಾರಿಸ್ಸಿನಲ್ಲಿ 951 ಮೀಟರು ಸಾಗಿದ ಮಾತು ಬಸವನಗುಡಿಯಲ್ಲಿ ಮಹಡಿಯ ನನ್ನ ಕೋಣೆಯಿಂದ ಅಡಿಗೆಮನೆಯವರೆಗೆ 30 ಅಡಿ ಸಾಗಲಾರದೇ? "ಇನ್ನೊಂದು ಲೋಟ ಕಾಫಿ" ಎಂಬ ಸಣ್ಣ ವಾಕ್ಯಕ್ಕಾಗಿ ಮಹಡಿಯಿಂದ ಇಳಿದುಬರುವುದು ಸಾಹಿತ್ಯಸೇವೆಗೆ ಎಷ್ಟು ದೊಡ್ಡ ವಿಘ್ನವೆಂಬುದನ್ನು ಬರೆಯುವವರೇ ಬಲ್ಲರು. ಸೈಕಲ್ ಷಾಪಿನವನಿಂದ ತೂತುಗಳಿಗೆಲ್ಲ ಪಂಕ್ಚರ್ ಹಾಕಿಸಿ, ಎರಡು ತುದಿಗೂ ಸೀಮೆಎಣ್ಣೆಯ ಲಾಳಿಕೆಗಳನ್ನು ಸಿಕ್ಕಿಸಿ, ಕೆಳಗಿನದನ್ನು ಒಲೆಯ ಮೇಲ್ಭಾಗದ ಮೊಳೆಗೆ, ಅಂದರೆ ಮನೆಯಾಕೆಯ ಕಿವಿಗೆ ಅತ್ಯಂತ ಅನುಕೂಲವಾದ ಎತ್ತರಕ್ಕೆ, ನೇತುಹಾಕಿದೆನು.

ಇದರ ಪ್ರಾರಂಭೋತ್ಸವಕ್ಕೆ ಒದಗಿಬಂದವರು ನಮ್ಮ ಭಾವನವರು, ಎಂದರೆ ನನ್ನಾಕೆಯ ಅಣ್ಣನವರು, ನಿವೃತ್ತ ಶಿರಸ್ತೇದಾರರು. ಮಗಳಿಗೆ ಬಂದ ಒಂದು ಸಂಬಂಧದ ಜಾತಕವನ್ನು ಹಿಡಿದುಕೊಂಡು ತಂಗಿಯ ಅಭಿಪ್ರಾಯವನ್ನು ಕೇಳಲು ಬಂದಿದ್ದ ಅವರನ್ನು ನಾನು ನೇರವಾಗಿ ಮಹಡಿಗೆ ಕರೆದೊಯ್ದು, "ತಂಗಿಯನ್ನು ಇಲ್ಲಿಂದಲೇ ಕೇಳಬಹುದು" ಎಂದು ಲಾಳಿಕೆಯನ್ನು ಅವರ ಕೈಗಿತ್ತೆನು. "ಇದೇನು ರಾಯರೇ, ತೋಟದ ಪೈಪಲ್ಲವೇ?" ಎಂದರು. "ಪೂರ್ವಾಶ್ರಮದಲ್ಲಿ" ಎಂದೆನು. ಭಾವನವರು ಅಮಲ್ದಾರರ ಕಚೇರಿಯಲ್ಲಿ ನಾಲ್ಕು ಜಗಲಿ ದಾಟಿ ಕೇಳುವಂತೆ ಕೂಗಿ ಅಭ್ಯಾಸವಿದ್ದವರು. ಅಲ್ಪದನಿಯಲ್ಲಿ ಅವರಿಗೆ ನಂಬಿಕೆಯಿಲ್ಲ. ಶಲ್ಯವನ್ನು ಸರಿಪಡಿಸಿಕೊಂಡು, ಲಾಳಿಕೆಯನ್ನು ಬಾಯಿಗೆ ಬಿಗಿಯಾಗಿ ಒತ್ತಿಕೊಂಡು, ಕಣ್ಣು ಮುಚ್ಚಿ, ಕೂಗುವುದಕ್ಕೆ ಪೂರ್ವಭಾವಿಯಾಗಿ ಒಂದು ದೀರ್ಘಶ್ವಾಸವನ್ನು ಎಳೆದುಕೊಂಡರು.

ಇಲ್ಲಿ ಸ್ವಲ್ಪ ಗಣಿತ ಅವಶ್ಯಕ. ಅರ್ಧ ಅಂಗುಲ ವ್ಯಾಸದ 30 ಅಡಿ ಪೈಪಿನಲ್ಲಿ ಹಿಡಿಸುವ ಗಾಳಿ ಒಂದು ಲೀಟರಿಗಿಂತ ತುಸು ಹೆಚ್ಚು. ಪುಷ್ಟನಾದ ಮನುಷ್ಯನೊಬ್ಬನು ಎದೆತುಂಬ ಎಳೆದುಕೊಳ್ಳುವ ಉಸಿರು 3 ಲೀಟರಿನಷ್ಟು. ಆದುದರಿಂದ ಭಾವನವರು ಎಳೆದ ಮೊದಲ ಲೀಟರು ಪೈಪಿನೊಳಗೆ ಮೊದಲೇ ಇದ್ದ, ರಬ್ಬರಿನ ಪರಿಮಳದ ನಿರಪಾಯಕರವಾದ ಗಾಳಿ. ಉಳಿದ 2 ಲೀಟರುಗಳನ್ನು ಅವರು ಅಡಿಗೆಮನೆಯಿಂದಲೇ ತರಿಸಿಕೊಳ್ಳಬೇಕಾಯಿತು. ಅಡಿಗೆಮನೆಯಲ್ಲಿ ಆ ಕ್ಷಣಕ್ಕೆ ಅವರ ತಂಗಿ, ಅಣ್ಣನಿಗೆ ಇಷ್ಟವೆಂದು, ಹೊಸದಾಗಿ ಸಾರಿನಪುಡಿ ಮಾಡಲು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎರಡನ್ನೂ ಬಾಣಲೆಗೆ ಹಾಕಿ ಹುರಿಯುತ್ತಿದ್ದಳು. ಬಾಣಲೆಗೆ ಸರಿಯಾಗಿ ಮೇಲೆ ನನ್ನ ಲಾಳಿಕೆ ಬಾಯ್ತೆರೆದುಕೊಂಡಿತ್ತು.

ಭಾವನವರ ಮುಖದಲ್ಲಿ ಮೊದಲು ವಿಸ್ಮಯ ಮೂಡಿತು. ಅನಂತರ ಆಕ್ಷೇಪಣೆ. ಕಣ್ಣು ತೆರೆದು ನನ್ನನ್ನು ನೋಡಿದ ಆ ನೋಟದಲ್ಲಿ, ಮೂವತ್ತು ವರ್ಷ ಸರ್ಕಾರದ ಸೇವೆ ಮಾಡಿ ಒಂದು ಫೈಲನ್ನೂ ಕಳೆಯದ ತಮಗೆ ಇದೇನು ಶಿಕ್ಷೆಯೆಂಬ ಪ್ರಶ್ನೆಯಿತ್ತು. ಮೂಗಿನ ಹೊಳ್ಳೆಗಳು ಅರಳಿದವು, ಶಲ್ಯ ಜಾರಿತು, ಗಡ್ಡ ಮೇಲಕ್ಕೇರಿತು, ಇನ್ನೇನು ಏನೂ ಆಗಲಾರದೇನೋ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, ಲಾಳಿಕೆಯನ್ನು ಬಾಯಿಂದ ತೆಗೆಯಲೂ ಮರೆತು, ಅವರು ಅದರೊಳಕ್ಕೇ ಸೀನಿದರು. ಶಬ್ದವು ಸೆಕೆಂಡಿಗೆ 340 ಮೀಟರು ಚಲಿಸುವ ಲೆಕ್ಕದಲ್ಲಿ ಆ ಸೀನು ಒಂದು ಸೆಕೆಂಡಿನ ಮೂವತ್ತನೆಯ ಒಂದು ಭಾಗ ಕಳೆಯುವುದರೊಳಗೆ ಅಡಿಗೆಮನೆಯನ್ನು ಮುಟ್ಟಿರಬೇಕು. ಕೆಳಗೆ ಸೌಟೊಂದು ಬಿದ್ದ ಸದ್ದಾಯಿತು. ಮರುಕ್ಷಣವೇ ಪೈಪಿನಿಂದ ನನ್ನಾಕೆಯ ಧ್ವನಿ ಕೇಳಿಬಂತು:

"ಅಯ್ಯೋ, ಶುಭಕಾರ್ಯದ ಮಾತಿನ ಹೊತ್ತಿನಲ್ಲಿ ಒಂಟಿ ಸೀನು ಸೀನಿದೆಯಲ್ಲೋ ಅಣ್ಣಯ್ಯ! ಇನ್ನೊಂದು ಸೀನಿಬಿಡು!"

ಒಂದಕ್ಷರವೂ ಲೋಪವಾಗದೆ, ಸ್ವರದ ಏರಿಳಿತವೂ ಮಾಸದೆ, 'ಬಿಡು' ಎಂಬಲ್ಲಿನ ಒತ್ತಿನವರೆಗೂ ಸ್ಪಷ್ಟವಾಗಿ ಬಂದ ಆ ವಾಕ್ಯವನ್ನು ಕೇಳಿ ನಾನು ರೋಮಾಂಚಿತನಾಗಿ, "ಕೇಳಿಸಿತೇ ಭಾವನವರೇ, ಕೇಳಿಸಿತೇ?" ಎಂದು ಕೂಗುತ್ತಿದ್ದಂತೆ, ಭಾವನವರು ನೆಲದ ಮೇಲೆ ಕುಳಿತು ತಂಗಿಯ ಕೋರಿಕೆಯನ್ನು ಹಲವು ಪಟ್ಟು ನೆರವೇರಿಸುತ್ತಿದ್ದರು. ಸಮಸಂಖ್ಯೆಯಲ್ಲಿ ನಿಂತಿತೋ ವಿಷಮದಲ್ಲೋ ಯಾರೂ ಲೆಕ್ಕವಿಡಲಿಲ್ಲ. ಮದುವೆಯೇನೋ ಆ ಜಾತಕದ ಹುಡುಗನೊಡನೆಯೇ ಆಯಿತು. ಪೈಪನ್ನು ಅಂದೇ ಸಂಜೆ ಕತ್ತರಿಸಿ ಬಾವಿಯ ಬಕೀಟುಗಳ ಹಿಡಿಗೆ ತೊಡಿಸಲಾಯಿತು. ಕೈ ಒತ್ತುವುದಿಲ್ಲ, ಬಹಳ ಸುಖ.

ನನ್ನ ಹುಚ್ಚನ್ನು ಕಂಡು ನಗುವವರು ಇನ್ನೊಂದು ಹುಚ್ಚನ್ನು ಕಂಡು ಏಕೆ ನಗುವುದಿಲ್ಲವೋ ತಿಳಿಯದು. ಈಚೆಗೆ ಸ್ಥಿತಿವಂತರ ಮನೆಗಳ ದಿವಾನಖಾನೆಗಳಲ್ಲಿ ಗಾಡಿಯ ಚಕ್ರ, ನೊಗ, ನೇಗಿಲುಗಳಿಗೆ ವಾರ್ನಿಷು ಬಳಿದು ನಿಲ್ಲಿಸುವ ಪದ್ಧತಿ ಬಂದಿದೆ. ಉತ್ತವನ ಬೆವರು ಯಾವ ಕಡೆ ಹರಿಯಿತೆಂದು ಅರಿಯದವರು, ಆ ನೇಗಿಲಿನ ಪಕ್ಕದಲ್ಲಿ ಸೋಫಾದ ಮೇಲೆ ಕುಳಿತು, "ಎಷ್ಟು ಚೆಂದ" ಎನ್ನುತ್ತಾರೆ. ನನಗೆ ಮೈಯುರಿಯುತ್ತದೆ. ಉರಿಯುತ್ತದೆಂದು ಹೇಳುವ ಅಧಿಕಾರ ನನಗೆಷ್ಟಿದೆಯೋ. ನಮ್ಮ ನಡುಮನೆಯ ಗೋಡೆಯ ಮೇಲೂ ಸವೆದ ಗುದ್ದಲಿಯೊಂದು ಎಣ್ಣೆ ಸವರಿಸಿಕೊಂಡು ಕೆಲವು ಕಾಲ ವಿರಾಜಿಸುತ್ತಿತ್ತು.

ಒಂದು ದಿನ ಸಂಬಳಕ್ಕೆಂದು ಒಳಗೆ ಬಂದ ನಮ್ಮ ಮುದಿ ಮಾಲಿ ಅದರ ಮುಂದೆ ನಿಂತುಬಿಟ್ಟನು. ಗುದ್ದಲಿಯ ಅಲಗಿನ ಬಲಮೂಲೆ ಎಡಮೂಲೆಗಿಂತ ಎರಡು ಬೆರಳಿನಷ್ಟು ಹೆಚ್ಚು ಸವೆದಿತ್ತು. ಅವನು ಯಾವಾಗಲೂ ಕೊಂಚ ಬಲಕ್ಕೆ ವಾಲಿಯೇ ಅಗೆಯುವವನು. ಕಾವಿನ ಮೇಲೆ ಅವನ ಎರಡು ಅಂಗೈಗಳು ಹಿಡಿಯುತ್ತಿದ್ದ ಎಡೆಗಳು ತಗ್ಗಾಗಿ, ನುಣುಪಾಗಿ ಹೊಳೆಯುತ್ತಿದ್ದವು. ನಾನು ಎಣ್ಣೆ ಹಚ್ಚುವಾಗ ಆ ಹೊಳಪನ್ನು ಮೆಚ್ಚಿಕೊಂಡಿದ್ದೆನು.

"ಇದು ನನ್ನ ಗುದ್ದಲಿ ಅಲ್ವಾ ಸ್ವಾಮಿ? ಗೋಡೆಗ್ಯಾಕೆ ಹಾಕಿದ್ರಿ?"

"ಸವೆದುಹೋಯಿತಲ್ಲಪ್ಪ" ಎಂದೆನು.

"ಕುಲುಮೇಲಿ ಕೊಟ್ಟು ತಟ್ಟಿಸಿದ್ರೆ ಇನ್ನೂ ಎಷ್ಟೋ ಮಳೆಗಾಲ ಬತ್ತದೆ. ನೀವು ತಂದ ಹೊಸಾದು ಭಾರ. ಮಧ್ಯಾಹ್ನದ ಹೊತ್ಗೆ ತೋಳು ಬಿದ್ದೋಯ್ತದೆ."

ಹೊಸ ಗುದ್ದಲಿ ಬಂದು ಮುಂಗಾರು ಹಿಂಗಾರು ಎರಡೂ ಕಳೆದಿದ್ದವು. ಅಷ್ಟು ಕಾಲವೂ ಅವನು ತೋಳು ಬೀಳಿಸಿಕೊಂಡೇ ಅಗೆದಿದ್ದನು, ಕೇಳಿದವರಿಲ್ಲವಾದ್ದರಿಂದ ಹೇಳಿರಲಿಲ್ಲ. ನಾನು ಮೊಳೆಯಿಂದ ಗುದ್ದಲಿಯನ್ನಿಳಿಸಿ ಅವನ ಕೈಗೆ ಕೊಟ್ಟೆನು. ಎಣ್ಣೆಗೆ ಕೈ ಜಾರುತ್ತದೆಂದು ಅವನು ಅಂಗಳಕ್ಕೆ ಹೋಗಿ, ಒಂದು ಹಿಡಿ ಮಣ್ಣನ್ನು ತೆಗೆದು ಕಾವಿಗೆಲ್ಲ ಉಜ್ಜಿಕೊಂಡನು. ಈಗ ಅದು ಬಾಳೆಯ ಪಾತಿಯಲ್ಲಿ ದುಡಿಯುತ್ತಿದೆ, ಹೊಸದು ಕೊಟ್ಟಿಗೆಯಲ್ಲಿದೆ.

ಗೋಡೆಯ ಮೇಲಿನ ಮೊಳೆ ಮಾತ್ರ ಬರಿದಾಗಿದೆ. ವಾಚಕರಲ್ಲಿ ಯಾರ ಮನೆಯಲ್ಲಾದರೂ ಮೊಂಡು ಕತ್ತರಿಯೋ, ಮುರುಕು ಝಾರಿಯೋ, ಒಂಟಿಗಾಲಿಯ ಕೈಗಾಡಿಯೋ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕದೆ ನನಗೆ ಕಳುಹಿಸಿಕೊಡಬೇಕು. ಸಾಗಣೆಯ ವೆಚ್ಚ ನನ್ನದು. ಗುದ್ದಲಿಯಾದರೆ ಮೊದಲು ನಿಮ್ಮ ಮಾಲಿಯನ್ನು ಕೇಳಿ.